ಮಡಿಕೆ ಬಿಚ್ಚಿದ ಸೀರೆ

ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಮಗಳಿಗೆ ಬಂದ ಸೀರೆಯನ್ನು ತಾನೇ ಉಟ್ಟುಕೊಂಡು ಕಟ್ಟೆಯ ಮೇಲೆ ಕುಳಿತ ಕಥೆಯನ್ನು ನಮ್ಮ ಬಳಗದಲ್ಲಿ ಈಗಲೂ ಹೇಳಿ ನಗುತ್ತಾರೆ. ನಗಲಿ, ನನಗೇನೂ ಬೇಸರವಿಲ್ಲ. ನಗುವಂಥದ್ದೇ ಅದು. ಆದರೆ ಹೇಳುವವರೆಲ್ಲ ಕಟ್ಟೆಯವರೆಗೆ ಬಂದು ನಿಲ್ಲಿಸಿಬಿಡುತ್ತಾರೆ. ಆಗ ಹುಟ್ಟೇ ಇರದವರು ಕೂಡ ಕಣ್ಣಾರೆ ಕಂಡವರ ಹಾಗೆ ಕೈ ತಿರುವಿ ಹೇಳುವುದನ್ನು ಕೇಳಿದರೆ ನನಗೆ ಮೈ ಉರಿಯುತ್ತದೆ. ಆ ದಿನ ಆ ಕಟ್ಟೆಯ ಮಗ್ಗುಲಲ್ಲಿ ಲಂಗದ ತುಂಬ ಹುಣಸೆಕಾಯಿ ಹಾಕಿಕೊಂಡು ಕೂತಿದ್ದವಳು ನಾನು. ನಾನು ಹೇಳುತ್ತೇನೆ, ಪೂರ್ತಿ ಕೇಳಿ.

ನಮ್ಮ ಸೀಮೆ ಮುಂಬಯಿಯನ್ನು ಬಿಟ್ಟು ಮೈಸೂರಿಗೆ ಸೇರಿದ ಹೊಸತು. ನಮ್ಮದು ಅಕ್ಕಿಆಲೂರು. ಮನೆಯಲ್ಲಿ ಆಯಿ, ಅಪ್ಪ, ಅವ್ವ, ನಾನು, ಮತ್ತು ಅಪ್ಪನ ತಂಗಿಯಾದ ನನ್ನ ಅತ್ತೆ. ಅತ್ತೆಯನ್ನು ಶಿಗ್ಗಾಂವಿ ಕಡೆಯ ಒಂದು ಹಳ್ಳಿಗೆ ಕೊಟ್ಟಿದ್ದರು. ಮದುವೆಯಾಗಿ ಎರಡನೆಯ ಮಳೆಗಾಲ ಮುಗಿಯುವುದರೊಳಗೆ ಗಂಡ ವಿಷಮಜ್ವರದಲ್ಲಿ ತೀರಿಕೊಂಡ. ಅತ್ತೆ ತವರಿಗೆ ಬಂದಳು. ನಾನಾಗ ತೊಟ್ಟಿಲಲ್ಲಿದ್ದೆನಂತೆ. ಹೀಗಾಗಿ ನನಗೆ ತಿಳಿವಳಿಕೆ ಬಂದಾಗಿನಿಂದ ಅತ್ತೆ ನಮ್ಮ ಮನೆಯವಳೇ. ಅವಳಿಗೆ ಇನ್ನೊಂದು ಮನೆ ಇತ್ತು ಎಂಬುದೇ ನನಗೆ ನಂಬಿಕೆಯಾಗುತ್ತಿರಲಿಲ್ಲ.

ಹಣೆಗೆ ವಿಭೂತಿ, ಬರಿಗೈ, ಬಾಯಿ ತುಂಬ ಮಾತು. ನಾಟಿಯ ಕಾಲದಲ್ಲಿ ಗದ್ದೆಯ ಬದುವಿನ ಮೇಲೆ ಅತ್ತೆ ನಿಂತಳೆಂದರೆ ಹೆಣ್ಣಾಳುಗಳು ಬಗ್ಗಿದ ನಡು ಎತ್ತುತ್ತಿರಲಿಲ್ಲ. ಹಾಗಂತ ಬೈಯುವವಳಲ್ಲ. ತಾನೂ ಇಳಿದು ನಾಲ್ಕು ಸಾಲು ನೆಟ್ಟು, "ಏನ್ರವಾ, ನನ್ನ ಸಾಲು ಮುಂದ ಹೋತು, ನಿಮ್ಮ ಸಾಲು ಊಟಕ್ಕ ಕುಂತೈತೇನು?" ಅನ್ನುವಳು. ಬೀಜದ ಭತ್ತದ ವಿಷಯದಲ್ಲಿ ಅಪ್ಪನ ಸಂಗಡ ಜಗಳ ತೆಗೆದರೆ ಗೆಲ್ಲುವವಳು ಅವಳೇ. ನಾನು ಮಲಗುತ್ತಿದ್ದದ್ದು ಅವಳ ಮಗ್ಗುಲಲ್ಲಿ, ಉಣ್ಣುತ್ತಿದ್ದದ್ದು ಅವಳ ತಟ್ಟೆಯಲ್ಲಿ. ಅವ್ವನಿಗೆ ನಾನು ಮಗಳೋ ನೆಂಟಳೋ ಎಂದು ಓಣಿಯವರು ಚಾಷ್ಟಿ ಮಾಡುತ್ತಿದ್ದರು.

ಆ ವರ್ಷ ಸುಗ್ಗಿ ಮುಗಿದ ಮೇಲೆ ಸವಣೂರಿನಲ್ಲಿ ಅವ್ವನ ಅಕ್ಕ, ನನ್ನ ದೊಡ್ಡವ್ವ, ಹೊಸ ಮನೆಯ ಪ್ರವೇಶ ಇಟ್ಟುಕೊಂಡಿದ್ದಳು. ನಾವೆಲ್ಲ ಹೋದೆವು. ಊಟಕ್ಕೆ ಗೋಧಿ ಹುಗ್ಗಿ. ಗಂಡನಿಲ್ಲದ ಹೆಂಗಸರನ್ನು ಯಾವಾಗಲೂ ಕೊನೆಯ ಪಂಕ್ತಿಯಲ್ಲಿ, ಗೋಡೆಯ ಕಡೆಗೆ ಕೂಡಿಸುತ್ತಿದ್ದರು. ಯಾರೂ ಹಾಗೆ ಕೂಡಿರಿ ಎಂದು ಹೇಳುತ್ತಿರಲಿಲ್ಲ, ಅವರಾಗಿಯೇ ಹೋಗಿ ಕೂಡುತ್ತಿದ್ದರು. ನಾನು ಅತ್ತೆಯ ಬಾಲ, ಅಲ್ಲೇ ಕೂತೆ. ಎಲೆಗೆ ಹುಗ್ಗಿ ಬಂತು, ತುಪ್ಪ ಮಾತ್ರ ಬರಲಿಲ್ಲ. ತುಪ್ಪದ ಗಿಂಡಿ ಮುಂದಿನ ಪಂಕ್ತಿಯಲ್ಲೇ ಸುತ್ತುತ್ತಿತ್ತು.

ಅಷ್ಟರಲ್ಲಿ ಧೋತರ ಮೇಲೆ ಕಟ್ಟಿದ್ದ ಎತ್ತರದ ಮನುಷ್ಯನೊಬ್ಬ ಆ ಗಿಂಡಿಯನ್ನು ಇನ್ನೊಬ್ಬರ ಕೈಯಿಂದ ಕಸಿದುಕೊಂಡು ನಮ್ಮ ಕಡೆ ಬಂದ. ದೊಡ್ಡವ್ವನ ಗಂಡನ ಕಡೆಯ ಸಂಬಂಧಿಕ, ಹಿರೇಕೆರೂರಿನವನು. "ಈ ಕಡೆ ತುಪ್ಪ ಯಾಕ ಬಂದಿಲ್ಲೋ? ಇವರ ಹುಗ್ಗಿ ಬ್ಯಾರೆ ಒಲಿ ಮ್ಯಾಲೆ ಮಾಡೀರೇನು?" ಎಂದು ಎಲ್ಲರಿಗೂ ಕೇಳುವ ಹಾಗೆ ಅಂದ. ಎಲೆ ಎಲೆಗೂ ಧಾರಾಳವಾಗಿ ಸುರಿಯುತ್ತ ಬಂದ. ಅತ್ತೆಯ ಎಲೆಗೆ ಬಂದವನು ಅವಳ ಮುಖ ನೋಡುತ್ತ ನಿಂತುಬಿಟ್ಟ. ತುಪ್ಪ ಎಲೆ ದಾಟಿ ಅವನ ಕಾಲಿನ ಮೇಲೇ ಸುರಿಯತೊಡಗಿತು. ಬಿಸಿ ತುಪ್ಪ! "ಯಪ್ಪಾ!" ಎಂದು ಒಂಟಿಕಾಲಲ್ಲಿ ಕುಣಿದ. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು, ಆದರೂ ನಗು ಹೊರಗೆ ಬಂತು. ಅವನೂ ಕುಣಿಯುತ್ತಲೇ ನಕ್ಕ.

ಮರಳಿ ಬರುವಾಗ ಬಸ್ಸಿನ ಕಿಟಕಿಯ ಆಚೆ ನೋಡುತ್ತ ಅತ್ತೆ ಒಬ್ಬಳೇ ನಗುತ್ತಿದ್ದಳು.

"ಯಾಕತ್ತಿ ನಗತಿ?" ಅಂದೆ.

"ತುಪ್ಪ ಭಾಳ ಆತವಾ" ಅಂದಳು.

ಕೆಲವು ವಾರ ಕಳೆದ ಮೇಲೆ ದೊಡ್ಡವ್ವ ಒಂದು ಗಂಟು ಹಿಡಿದುಕೊಂಡು ಬಂದಳು. ಗಂಟಿನಲ್ಲಿ ಹಸಿರು ಒಡಲಿನ, ಕೆಂಪು ಸೆರಗಿನ ಇಳಕಲ್ ಸೀರೆ. ಹಿರೇಕೆರೂರಿನ ಆ ಮನುಷ್ಯ ಕಳಿಸಿದ್ದ. ಅವನ ಹೆಂಡತಿ ಬಾಣಂತನದಲ್ಲಿ ತೀರಿಕೊಂಡಿದ್ದಳು, ಕೂಸೂ ಉಳಿದಿರಲಿಲ್ಲ. ಹತ್ತಿಯ ಹೊಲ, ಜೋಡಿ ಎತ್ತು, ಒಂಟಿ ಮನೆ.

ಗಂಡನನ್ನು ಕಳೆದುಕೊಂಡ ಹೆಣ್ಣುಮಗಳು ಇನ್ನೊಬ್ಬನ ಮನೆ ತುಂಬುವುದಕ್ಕೆ ನಮ್ಮಲ್ಲಿ ಉಡಿಕೆ ಅನ್ನುತ್ತಿದ್ದರು. ಅದರ ರೀತಿ ಹೀಗೆ: ಸೀರೆಯನ್ನು ಹೆಣ್ಣಿನ ಮನೆಯಲ್ಲಿ ಇಟ್ಟು ಹೋಗುತ್ತಾರೆ. ಆಕೆ ಮಡಿಕೆ ಬಿಚ್ಚಿ ಉಟ್ಟರೆ ಒಪ್ಪಿದಳು ಎಂದು ಅರ್ಥ. ಒಲ್ಲೆ ಅನ್ನುವುದಾದರೆ ಮಡಿಕೆ ಬಿಚ್ಚದ ಸೀರೆ ಬಂದ ದಾರಿ ಹಿಡಿದು ಮರಳಿ ಹೋಗುತ್ತದೆ. ಯಾರೂ ಯಾರ ಮುಖ ನೋಡಿ ಒಲ್ಲೆ ಅನ್ನಬೇಕಾಗಿಲ್ಲ, ಅನ್ನಿಸಿಕೊಳ್ಳಬೇಕಾಗಿಲ್ಲ. ಮಡಿಕೆ ಬಿಚ್ಚಿತೋ, ಮಾತು ಮುಗಿಯಿತು. ಆಮೇಲೆ ಆ ಸೀರೆ ಹಿಂದಿರುಗುವ ಹಾಗಿಲ್ಲ.

ಮದುವೆಗೆ ಇರುವ ಹಂದರ, ವಾಜಂತ್ರಿ ಯಾವುದೂ ಉಡಿಕೆಗೆ ಇಲ್ಲ. ಕತ್ತಲಾದ ಮೇಲೆ ನಾಲ್ಕು ಜನ ಸೇರಿ ಮುಗಿಸಿ, ಹೆಣ್ಣನ್ನು ಹಿತ್ತಲ ಬಾಗಿಲಿನಿಂದ ಕಳಿಸಿಬಿಡುವುದು. ಮುತ್ತೈದೆಯರು ಅದನ್ನು ಕಣ್ಣಿನಿಂದ ನೋಡಬಾರದು, ನೋಡಿದರೆ ಅವರ ಬಳೆಗೆ ಕೇಡು ಎಂದು ಭಯ. ಅವ್ವ ಇದನ್ನು ಎದೆಯಾಳದಿಂದ ನಂಬಿದ್ದಳು. ಸೀರೆಯ ಗಂಟು ಮನೆಯೊಳಗೆ ಬಂದ ದಿನವೇ ಅವಳು ತನ್ನ ಬಳೆಗಳನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದಳು. ಪಾಪ, ಅವಳಿಗೆ ಅಪ್ಪನ ಮೇಲೆ ಪ್ರಾಣ.

ಅವ್ವ ಸೀರೆಯನ್ನು ಟ್ರಂಕಿನಲ್ಲಿಟ್ಟು ಮುಚ್ಚಿದಳು. ಮನೆಯಲ್ಲಿ ಎಲ್ಲರೂ ಆ ಟ್ರಂಕನ್ನು ಸುತ್ತು ಹಾಕಿಕೊಂಡು ಓಡಾಡತೊಡಗಿದರು. ಅಪ್ಪನಿಗೆ ತಂಗಿ ಹೂಂ ಅನ್ನಲಿ ಎಂಬ ಆಸೆ. "ಹುಡುಗ ಚಲೋ ಅದಾನ. ನಾಳೆ ನಾ ಇಲ್ಲದಾಗ ಈಕಿನ್ನ ನೋಡೋರು ಯಾರು?" ಎಂದು ಗೋಡೆಗೆ ಹೇಳಿದ. ಎದುರಿಗೆ ಹೇಳುವ ಧೈರ್ಯ ಎಲ್ಲಿಂದ ಬರಬೇಕು! ಅತ್ತೆ ಮಾತ್ರ ಕೆಲಸದ ಮೇಲೆ ಕೆಲಸ ಹಚ್ಚಿಕೊಂಡಳು. ತೊಳೆದ ತಪ್ಪೇಲಿಯನ್ನೇ ಮತ್ತೆ ತೊಳೆದಳು. ಕಡೆಗೆ ಒಂದು ದಿನ ಅಕ್ಕಿ ಹಸನು ಮಾಡುತ್ತ, ಮೊರದಿಂದ ಕಣ್ಣೆತ್ತದೆ, ಅವ್ವನಿಗೆ ಅಂದಳು: "ಸೀರಿ ಮರಳಿ ಕಳಿಸ್ರಿ ವೈನಿ. ನನಗ ಇಲ್ಲೇನು ಕಡಿಮಿ ಆಗೇತಿ?"

ನನಗೆ ಎಷ್ಟು ಖುಷಿಯಾಯಿತೆಂದರೆ, ಹಿತ್ತಲಿಗೆ ಓಡಿ ಒಬ್ಬಳೇ ಕುಂಟಾಬಿಲ್ಲೆ ಆಡಿದೆ. ಅತ್ತೆ ಎಲ್ಲಿಗೂ ಹೋಗುವುದಿಲ್ಲ! ನನಗೆ ಅಷ್ಟೇ ಬೇಕಾಗಿತ್ತು.

ಉತ್ತರ ಒಯ್ಯಲು ದೊಡ್ಡವ್ವ ಬರುವ ದಿನ ಬಂತು. ಸೀರೆಯನ್ನು ಸುಮ್ಮನೆ ಕೊಡಬಾರದು, ದೇವರ ಮುಂದೆ ಇಟ್ಟು ಕೊಡಬೇಕು ಎಂದು ಅವ್ವ ಅದನ್ನು ಟ್ರಂಕಿನಿಂದ ತೆಗೆದು ದೇವರ ಮನೆಯ ಮಣೆಯ ಮೇಲೆ ಇಟ್ಟು ಅಡುಗೆಗೆ ಹೋದಳು. ಆ ಮಣೆಯೇ ಆಯಿ ಪೂಜೆಗೆ ಉಡುವ ಸೀರೆ ಇಡುವ ಜಾಗ ಎಂಬುದು ಅವಳಿಗೆ ಆ ಗಡಿಬಿಡಿಯಲ್ಲಿ ಹೊಳೆಯಲೇ ಇಲ್ಲ.

ಆಯಿಯ ಕಣ್ಣಿಗೆ ಆಗಲೇ ಪರೆ ಬಂದಿತ್ತು. ಮನುಷ್ಯರನ್ನು ಧ್ವನಿಯಿಂದ ಗುರುತಿಸುತ್ತಿದ್ದಳು, ಬಣ್ಣಗಳಂತೂ ಎಲ್ಲ ಒಂದೇ. ಸುಗ್ಗಿಯಿಂದಲೂ ಅವಳದು ಒಂದೇ ಹಾಡು: ನನ್ನ ಸೀರೆಗಳೆಲ್ಲ ಜಾಳು ಬಿದ್ದಾವು, ಒಂದು ಹೊಸದು ತಾರಪಾ. ಅಪ್ಪ ಪ್ರತಿ ಸಂತೆಗೂ ತರುತ್ತೇನೆ ಅನ್ನುವನು, ಬೆಲ್ಲ, ಉಪ್ಪು, ಹಗ್ಗ ತಂದು ಸೀರೆ ಮರೆತು ಬರುವನು. ಆ ದಿನ ಸ್ನಾನ ಮುಗಿಸಿ ಬಂದ ಆಯಿ ಮಣೆಯ ಮೇಲೆ ಕೈಯಾಡಿಸಿದಳು. ಗಂಜಿ ಇನ್ನೂ ಮುರಿಯದ ಗರಿಗರಿ ಸೀರೆ ಕೈಗೆ ಹತ್ತಿತು. ಟ್ರಂಕಿನಲ್ಲಿರುವ ಸೀರೆ ದೇವರ ಮನೆಗೆ ಹೇಗೆ ಬಂದೀತು? ಅವಳು ತಿಳಿದುಕೊಂಡದ್ದು ಬೇರೆ. ಮಗ ಹೇಳದೆ ಕೇಳದೆ ತಂದು ಇಟ್ಟಿದ್ದಾನೆ ಎಂದುಕೊಂಡಳು.

ಪೂಜೆ ಮುಗಿಸಿ, ಹೊಸ ಸೀರೆಯ ಸಪ್ಪಳ ಮಾಡುತ್ತ, ಆಯಿ ನೇರವಾಗಿ ತಲಬಾಗಿಲಿನಿಂದ ಹೊರಬಂದು ಕಟ್ಟೆಯ ಮೇಲೆ ಕುಳಿತಳು. ಹಸಿರು ಒಡಲು, ಕೆಂಪು ಸೆರಗು. ನನ್ನ ಬಾಯಲ್ಲಿದ್ದ ಹುಣಸೆಕಾಯಿ ಹಾಗೇ ನಿಂತಿತು.

"ಯಾರು, ನೀನೇನವಾ? ನೋಡು ನಿಮ್ಮಪ್ಪ ಏನು ತಂದಾನ! ಮುಟ್ಟಿ ನೋಡು. ಕೈ ತೊಳಕೊಂಡು ಮುಟ್ಟು." ಎದುರು ಮನೆಯವರಿಗೂ ಕೂಗಿ ಹೇಳಿದಳು. "ನನ್ನ ಮಗ ತಂದಾನ್ರಿ! ಬಾಯಿಲೆ ಹೇಳಾಂಗಿಲ್ಲ, ಮನಸಿನ್ಯಾಗ ಇಟ್ಟಿರತಾನ." ಸೆರಗನ್ನು ಮೊಣಕಾಲ ಮೇಲೆ ಹರವಿ ಅಂಗೈಯಿಂದ ಸವರುತ್ತಿದ್ದಳು. ಅವಳ ಮುಖದಲ್ಲಿ ಅಂಥ ಸಂತೋಷ ನಾನು ಕಂಡದ್ದೇ ಇಲ್ಲ.

ಅದೇ ಹೊತ್ತಿಗೆ ಓಣಿಯ ತುದಿಯಲ್ಲಿ ದೊಡ್ಡವ್ವ ಕಾಣಿಸಿಕೊಂಡಳು. ಹತ್ತಿರ ಬಂದಳು. ನೋಡಿದಳು. ಕೈಯಲ್ಲಿದ್ದ ಚೀಲ ಕೆಳಗೆ ಬಿತ್ತು.

"ಅಯ್ಯ ನನ ಶಿವನ! ಬೀಗತಿಯಾರ, ಇದೇನ್ರಿ ನಿಮ್ಮ ಕಾರಭಾರ!"

ಆ ಕೂಗಿಗೆ ಒಳಗಿನವರೆಲ್ಲ ಹೊರಗೆ ಬಂದರು. ಅವ್ವ ನೋಡಿದವಳೇ ಎರಡೂ ಕೈ ಕೆನ್ನೆಗೆ ಹಚ್ಚಿಕೊಂಡಳು. ಆಯಿಗೆ ವಿಷಯ ತಿಳಿಸಿದ್ದು ಯಾರೋ ನೆನಪಿಲ್ಲ, ಎಲ್ಲರೂ ಒಮ್ಮೆಲೇ ಮಾತಾಡುತ್ತಿದ್ದರು. ಆಯಿಯ ಕೈ ಸೆರಗಿನ ಮೇಲೆ ಹಾಗೇ ನಿಂತಿತು. "ಹಂಗಾರ ನನ್ನ ಮಗ ತಂದಿಲ್ಲೇನು?" ಅಂದಳು. ಅಪ್ಪ ತಲೆ ತಗ್ಗಿಸಿದ.

ಆದರೆ ಅಪ್ಪ ತಲೆ ಎತ್ತಿದಾಗ ಅವನ ಮುಖ ಬೇರೆಯಾಗಿತ್ತು. "ಮಡಿಕಿ ಬಿಚ್ಚೇತಿ" ಅಂದ. "ಅದೂ ದೇವರ ಜಗಲಿ ಮುಂದ. ನಾವು ಬಿಚ್ಚಿಲ್ಲ, ಆಕಿ ಬಿಚ್ಚಿಲ್ಲ. ಇದು ದೇವರ ಮಾತು. ಇನ್ನ ಸೀರಿ ಮರಳಿ ಹೋಗಾಂಗಿಲ್ಲ."

"ಖರೇ ಮಾತು" ಅಂದಳು ದೊಡ್ಡವ್ವ. "ಹಿರ್ಯಾರಿಗೆ ಹೇಳಿ ದಿನಾ ನೋಡಸ್ರಿ."

ಅತ್ತೆ ಬಾಗಿಲಲ್ಲಿ ನಿಂತಿದ್ದಳು. ಅವಳು ಸಿಟ್ಟಾಗುವ ಮುಂಚೆ ಮೂಗಿನ ತುದಿ ಕೆಂಪಾಗುತ್ತಿತ್ತು. ಅದು ಆಗಲೇ ಕೆಂಪಾಗಿತ್ತು.

"ಸೀರಿ ಉಟ್ಟಾಕಿ ನಮ್ಮವ್ವ" ಅಂದಳು. "ಒಯ್ಯೂದಿದ್ರ ಆಕಿನ್ನ ಒಯ್ರಿ."

ಮೊದಲು ನಕ್ಕವಳು ಆಯಿಯೇ. ಹಲ್ಲಿಲ್ಲದ ಬಾಯಿ ತೆರೆದು, ಹೊಟ್ಟೆ ಹಿಡಿದುಕೊಂಡು, "ನಾ ತಯಾರ ಅದೇನ್ರಿ ಬೀಗತಿಯಾರ!" ಅಂದಳು. ಆಮೇಲೆ ದೊಡ್ಡವ್ವ, ಎದುರು ಮನೆಯವರು, ಅಪ್ಪ, ಎಲ್ಲರೂ ಹೊಟ್ಟೆ ಹುಣ್ಣಾಗುವ ಹಾಗೆ ನಕ್ಕರು. ಕಥೆ ಹೇಳುವವರು ನಿಲ್ಲಿಸುವುದು ಇಲ್ಲಿಯೇ. ಅವರಿಗೆ ಕಾಣದೆ ಇರುವುದು, ಆ ನಗುವಿನ ನಡುವೆ ಅತ್ತೆ ಅಳುತ್ತಿದ್ದಳು ಎಂಬುದು.

"ನಗ್ರಿ, ನಗ್ರಿ" ಅಂದಳು. "ಸೀರಿ ತಂದು ಇಟ್ರಿ. ಎಲ್ಲಾರೂ ಸೀರಿ ಮಾರಿ ನೋಡಿದ್ರಿ. ನನ್ನ ಮಾರಿ ನೋಡಿ ಯಾರರ ಒಂದು ಮಾತು ಕೇಳಿದ್ರೇನು? ಈಗ ನಮ್ಮವ್ವ ಕಣ್ಣು ಕಾಣದ ಉಟ್ಟಿದ್ದಕ್ಕ ನಾ ಹೂಂ ಅಂದ್ಹಂಗ ಆತೇನು? ಆ ಮನಿಶಾನ ಮ್ಯಾಲೆ ನನ್ನ ಸಿಟ್ಟಿಲ್ಲ. ಗಂಡ ಸತ್ತಾಗ ನನ್ನ ಹಿತ್ತಲ ಬಾಗಲಾ ತಗದು ಒಳಗ ಕರಕೊಂಡ್ರಿ. ಈಗ ಅದ ಬಾಗಲಾ ತಗದು ಕತ್ತಲದಾಗ ಹೊರಗ ಹಾಕ್ತೀರಿ. ನಾ ಏನು ಕದ್ದೇನಿ? ಹಂಗ ಹೋಗೂದಾದ್ರ ನಾ ಒಲ್ಲೆ."

ಎಲ್ಲರ ನಗು ನಿಂತಿತು. ಅವ್ವ ಬಳೆ ಹಿಡಿದುಕೊಂಡು ಒಳಗೆ ಹೋದಳು. ಆಯಿ ಮಾತ್ರ ಕಟ್ಟೆಯಿಂದ ಎದ್ದು, ಗೋಡೆ ಹಿಡಿದು, ಮಗಳ ಹತ್ತಿರ ಬಂದಳು. ಕೈಯಾಡಿಸಿ ಅವಳ ಕೆನ್ನೆ ಹುಡುಕಿ ಒರೆಸಿದಳು. "ಉಟ್ಟಾಕಿ ನಾನು. ಹೋಗಿ ಹೇಳಾಕಿನೂ ನಾನ. ಸುಮ್ಮನಿರು" ಅಂದಳು. ದೊಡ್ಡವ್ವನ ಕಡೆ ತಿರುಗಿ, "ನೀವು ಒಂದು ಮಾತೂ ಆಡಬ್ಯಾಡ್ರಿ, ನಿಮಗ ಮಾತು ತಿರುವಿ ಹಾಕೂ ಚಟ ಐತಿ" ಎಂದೂ ಸೇರಿಸಿದಳು. ದೊಡ್ಡವ್ವ ಉಂಡು ಹೋಗುವವರೆಗೂ ಮುಖ ಗಂಟು ಹಾಕಿಕೊಂಡಿದ್ದಳು.

ಮರುದಿನ ಹಿರೇಕೆರೂರಿನ ಬಸ್ಸಿಗೆ ಆಯಿಯೂ ನಾನೂ ಹೊರಟೆವು. ನಾನು ಅವಳ ಕಣ್ಣು. ಆಯಿ ಅದೇ ಸೀರೆ ಉಟ್ಟಿದ್ದಳು. ಅವ್ವ ಬೇಡ ಬೇಡ ಅಂದರೂ ಕೇಳಲಿಲ್ಲ. "ಗಂಟು ಕಟ್ಟಿ ಹೊರೂಕಿಂತ ಉಟ್ಟು ಒಯ್ಯೂದು ಹಗುರ" ಅಂದಳು. ಖರೇ ಹೇಳಬೇಕೆಂದರೆ ಅವಳಿಗೆ ಆ ಸೀರೆ ಬಿಚ್ಚಲು ಮನಸ್ಸಿರಲಿಲ್ಲ.

ಬಸ್ಸಿನಲ್ಲಿ ಆಯಿ ತಾನಾಗಿಯೇ ಹೇಳಿದಳು. "ನಿಮ್ಮಜ್ಜ ಹೋದಾಗ ನನಗೂ ಒಂದು ಸೀರಿ ಬಂದಿತ್ತು."

"ಉಟ್ಟಿದ್ದೇನು?"

"ಹುಚ್ಚಿ, ಉಟ್ಟಿದ್ರ ನೀ ಎಲ್ಲಿರತಿದ್ದಿ! ಮಡಿಕಿ ಮುಟ್ಟಲಿಲ್ಲ. ಹಂಗ ಕಳಿಸಿದೆ."

"ಯಾಕ?"

"ಬ್ಯಾಡಾಗಿತ್ತು. ಗದ್ದಿ ಇತ್ತು, ಎರಡು ಮಕ್ಕಳಿದ್ದು, ಮನ್ಯಾಗ ನನ್ನ ಮಾತು ನಡೀತಿತ್ತು. ಆ ಮನಿಶಾನ್ನ ನೋಡಿದ್ರ ನನಗ ನಗೂನೂ ಬರತಿರಲಿಲ್ಲ, ಅಳೂನೂ ಬರತಿರಲಿಲ್ಲ. ಎದ್ದು ನೀರು ಕುಡೀಬೇಕು ಅನಸ್ತಿತ್ತು, ಅಷ್ಟ."

ನನಗೆ ಬಾಯಿ ತಡೆಯಲಿಲ್ಲ. "ಅತ್ತಿಗೆ ನಗು ಬರತೈತಿ" ಅಂದೆ. ಸವಣೂರಿನ ತುಪ್ಪ, ಒಂಟಿಕಾಲಿನ ಕುಣಿತ, ಬಸ್ಸಿನಲ್ಲಿ ಅತ್ತೆ ಒಬ್ಬಳೇ ನಕ್ಕದ್ದು, ಎಲ್ಲವನ್ನೂ ಹೇಳಿಬಿಟ್ಟೆ. ಹೇಳುತ್ತಿದ್ದ ಹಾಗೇ ನನಗೆ ಗೊತ್ತಾಯಿತು, ಇದನ್ನು ಹೇಳಿದರೆ ಅತ್ತೆ ನಮ್ಮ ಮನೆಯಲ್ಲಿ ಉಳಿಯುವುದಿಲ್ಲ ಎಂದು. ಆದರೂ ಹೇಳಿ ಮುಗಿಸಿದೆ. ಆಯಿ ನನ್ನ ತಲೆಯನ್ನು ಹೊಸ ಸೀರೆಯ ಸೆರಗಿನೊಳಗೆ ಎಳೆದುಕೊಂಡಳು. "ಇದನ್ನ ಯಾಕ ಇಷ್ಟ್ ದಿನಾ ಬಚ್ಚಿಟ್ಟಿದ್ದಿ ಕಳ್ಳಿ" ಅಂದಳು.

ಹಿರೇಕೆರೂರಿನಲ್ಲಿ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಅವನು ಅಂಗಳದಲ್ಲಿ ಎತ್ತಿನ ಮೈ ತಿಕ್ಕುತ್ತಿದ್ದ. ತಾನು ಕಳಿಸಿದ ಸೀರೆ ಒಬ್ಬ ಮುದುಕಿಯ ಮೈಮೇಲೆ ನಡೆದುಕೊಂಡು ಬರುವುದನ್ನು ನೋಡಿ ಕೈಯಲ್ಲಿದ್ದ ಹುಲ್ಲಿನ ಸಿಂಬೆ ಹಿಡಿದುಕೊಂಡೇ ನಿಂತ.

"ನೀನೇನಪಾ ಸೀರಿ ಕಳಿಸಿದಾಂವ?" ಅಂದಳು ಆಯಿ. "ಉಟ್ಟಾಕಿ ನಾನು. ಬಂದೇನಿ ನೋಡು."

ಅವನು ಒಂದು ಸಲ ಆಯಿಯನ್ನು, ಒಂದು ಸಲ ನನ್ನನ್ನು ನೋಡಿದ. ಮುಖದ ಮೇಲೆ ನಗುವಿನ ಒಂದು ಗೆರೆಯೂ ಇಲ್ಲ. "ಬರ್ರಿ, ಒಳಗ ಬರ್ರಿ" ಅಂದ. "ಅಡಗಿ ನಾನ ಮಾಡ್ತೇನಿ, ನಿಮಗ ತ್ರಾಸ ಇಲ್ಲ. ಎಮ್ಮಿ ಹಿಂಡೂದು ಮಾತ್ರ ನೀವ ನೋಡಕೋಬೇಕು."

ಆಯಿ ಅಲ್ಲೇ ಅಂಗಳದಲ್ಲಿ ಕುಕ್ಕರಿಸಿ ಕೂತು ನಗತೊಡಗಿದಳು. ಅವನೂ ಆಗ ನಕ್ಕ. ನೋಡಿ, ನನಗೆ ಅವನ ಮೇಲೆ ಇದ್ದ ಸಿಟ್ಟೆಲ್ಲ ಅರ್ಧ ಇಳಿದದ್ದು ಅಲ್ಲಿಯೇ. ಉಳಿದರ್ಧ ಅವನು ಕೊಟ್ಟ ಶೇಂಗಾ ಬೆಲ್ಲಕ್ಕೆ ಇಳಿಯಿತು.

ಉಂಡ ಮೇಲೆ ಆಯಿ ಎಲ್ಲವನ್ನೂ ಹೇಳಿದಳು. ಮಗಳ ಸಿಟ್ಟು, ಹಿತ್ತಲ ಬಾಗಿಲು, ಕತ್ತಲು, ಒಂದನ್ನೂ ಬಿಡಲಿಲ್ಲ. ಅವನು ತಲೆ ಅಲ್ಲಾಡಿಸುತ್ತ ಕೇಳಿದ. "ನಾ ರೂಢಿ ಇದ್ದಂಗ ಮಾಡಿದೆ. ತಪ್ಪಾತು. ಹಗಲಾದ್ರ ಹಗಲ, ತಲಬಾಗಲಾದ್ರ ತಲಬಾಗಲ" ಅಂದ.

"ಹಿರ್ಯಾರು ಸಿಟ್ಟಾಗತಾರಪಾ."

"ಆಗಲಿ. ಸಿಟ್ಟಾದೋರು ಹೊಟ್ಟಿ ಹಸದ ಮ್ಯಾಲೆ ಊಟಕ್ಕ ಬರತಾರ." ಆಮೇಲೆ ಅಂದ: "ಆ ಸೀರಿ ನಿಮ್ಮದ ಆತು, ಇಟ್ಟಕೊಳ್ರಿ. ನಾ ಬರ್ತೇನಿ. ಬರಿಗೈಲೆ ಬರ್ತೇನಿ. ಮೊದಲ ಕೇಳ್ತೇನಿ, ಸೀರಿ ಆಮ್ಯಾಲೆ."

ಹೇಳಿದ ಹಾಗೆ ಮುಂದಿನ ಸಂತೆಯ ದಿನ ಬಂದ. ಬಿಸಿಲು ನೆತ್ತಿಯ ಮೇಲಿತ್ತು, ಓಣಿಯ ತುಂಬ ಭತ್ತದ ಗಾಡಿಗಳು. ಕಟ್ಟೆಯ ಕೆಳಗೆ ಚಪ್ಪಲಿ ಬಿಟ್ಟು ನಿಂತ. ಅಪ್ಪ ಜಮಖಾನೆ ಹಾಸಿದರೂ ಕೂಡಲಿಲ್ಲ. ಅತ್ತೆ ತಲಬಾಗಿಲಲ್ಲಿ ನಿಂತಳು, ಒಳಗೂ ಅಲ್ಲ, ಹೊರಗೂ ಅಲ್ಲ.

"ನಿಮ್ಮನ್ನ ಕೇಳಾಕ ಬಂದೇನ್ರಿ" ಅಂದ.

ಅತ್ತೆ ನೆಲ ನೋಡಲಿಲ್ಲ, ನೆಟ್ಟಗೆ ಅವನನ್ನೇ ನೋಡಿದಳು. "ಒಲ್ಲೆ ಅಂದ್ರ?"

"ಒಲ್ಲೆ ಅಂದ್ರ ಸಂತ್ಯಾಗ ಅಕ್ಕಿ ತಗೊಂಡು ಊರಿಗೆ ಹೊಕ್ಕೇನಿ. ಹೆಂಗೂ ಮನ್ಯಾಗ ಅಕ್ಕಿ ಮುಗದಾವು."

"ಹೂಂ ಅಂದ್ರ?"

"ಆಗೂ ಅಕ್ಕಿ ತಗೋಬೇಕ್ರಿ. ಇಬ್ಬರಿಗೆ ಆಗೂವಷ್ಟು."

ಅತ್ತೆಯ ಮೂಗಿನ ತುದಿ ಕೆಂಪಾಯಿತು. ನಾನು ಹೆದರಿದೆ. ಆದರೆ ಅದು ಸಿಟ್ಟಲ್ಲ. ಅಪ್ಪ ಎರಡು ಸಲ ಕೆಮ್ಮಿದ. ಓಣಿಯಲ್ಲಿ ಗಾಡಿಯೊಂದು ಹಾದು ಹೋಗುವವರೆಗೂ ತಡೆದು, ಅತ್ತೆ ಅಂದಳು: "ಸಂತ್ಯಾಗಿನ ಅಕ್ಕಿ ಯಾಕ? ನಾನ ನಿಂತು ಬೆಳದದ್ದು ಮನ್ಯಾಗ ಐತಿ."

ಅಪ್ಪ ಪಕ್ಕನೆ ಗೋಡೆಯ ಕಡೆ ತಿರುಗಿ ಪಂಚೆಯಿಂದ ಕಣ್ಣು ಒರೆಸಿಕೊಂಡ. ಆಯಿ, "ಏನಂದಳು? ಜೋರಾಗಿ ಹೇಳ್ರಿ" ಎಂದು ಒಳಗಿನಿಂದ ಕೂಗುತ್ತಿದ್ದಳು. ನಾನು ಗಟ್ಟಿಯಾಗಿ "ಹೂಂ ಅಂದಳು" ಎಂದು ಹೇಳಿ ಅಳಲು ಶುರು ಮಾಡಿದೆ. ಅತ್ತೆ ನನ್ನನ್ನು ಎತ್ತಿಕೊಂಡಳು, ಎತ್ತಿಕೊಳ್ಳುವ ವಯಸ್ಸು ದಾಟಿತ್ತು, ಆದರೂ ಎತ್ತಿಕೊಂಡಳು.

ಹಿರಿಯರಲ್ಲಿ ಕೆಲವರು ನಿಜವಾಗಿಯೂ ಸಿಟ್ಟಾದರು. ಹಗಲು ಹೊತ್ತಿನಲ್ಲಿ ಉಡಿಕೆಯೇ, ನಾವು ಬರುವುದಿಲ್ಲ ಅಂದರು. ಬರಲಿಲ್ಲ. ಪೂಜೆ, ಮದುವೆ ಮಾಡಿಸುವ ವಯಸ್ಸಾದ ಅಯ್ಯನವರೊಬ್ಬರು ಮಾತ್ರ, "ಲಿಂಗಪೂಜಿ ಹಗಲ ಮಾಡೂದಿಲ್ಲೇನು? ಇದನೂ ಮಾಡೂಣು" ಎಂದು ಬಂದರು. ಎಲ್ಲರಿಗಿಂತ ಹೆಚ್ಚು ಹೆದರಿದವಳು ಅವ್ವ. ಆ ದಿನ ಬೆಳಗಿನಿಂದಲೇ ಅಡುಗೆಮನೆ ಸೇರಿಕೊಂಡು ಬಾಗಿಲು ಅರ್ಧ ಮುಚ್ಚಿಕೊಂಡಿದ್ದಳು. ಅತ್ತೆ ಅವಳನ್ನು ಬಾ ಎಂದು ಕರೆಯಲಿಲ್ಲ, ಬೇಸರವನ್ನೂ ಮಾಡಿಕೊಳ್ಳಲಿಲ್ಲ. "ನಿಮ್ಮವ್ವನ್ನ ಕಾಡಬ್ಯಾಡ. ಆಕಿ ಮನಸಿಗೆ ಬಂದಂಗ ಇರಲಿ" ಎಂದು ನನಗೆ ಹೇಳಿದಳು.

ಅವನು ಈ ಸಲ ತಂದದ್ದು ಅರಿಷಿಣ ಬಣ್ಣದ ಸೀರೆ. ಅತ್ತೆ ನಡುಮನೆಯಲ್ಲಿ, ಎಲ್ಲರ ಎದುರಿಗೆ, ತಾನೇ ಮಡಿಕೆ ಬಿಚ್ಚಿದಳು. ಒಳಗೆ ಹೋಗಿ ಉಟ್ಟು ಬಂದಳು. ಹೊಸ ಬಳೆಗಳ ಕೈಯನ್ನು ನನ್ನ ಕಿವಿಯ ಹತ್ತಿರ ತಂದು ಗಲಗಲ ಅನ್ನಿಸಿದಳು. ಅಯ್ಯನವರು ಮಂತ್ರ ಹೇಳಿ ಮುಗಿಸಿದರು. ಆಯಿ ಹಸಿರು ಸೀರೆಯಲ್ಲಿ ಕುಳಿತು, ಕಾಣದ ಕಣ್ಣುಗಳನ್ನು ಅಗಲಿಸಿ ನೋಡುತ್ತಲೇ ಇದ್ದಳು.

ಹೊರಡುವ ಹೊತ್ತಾಯಿತು. ಅವನು ಹೊರಗೆ ಕಟ್ಟೆಯ ಕೆಳಗೆ, ಅಕ್ಕಿಯ ಚೀಲ ಹೆಗಲ ಮೇಲೆ ಇಟ್ಟುಕೊಂಡು ನಿಂತಿದ್ದ. ಅತ್ತೆ ತಲಬಾಗಿಲ ಹೊಸ್ತಿಲಿನ ಮೇಲೆ ಬಂದು ನಿಂತಳು. ನಮ್ಮ ಕಡೆ ಗಂಡನ ಮನೆಗೆ ಹೊರಟ ಮಗಳ ಸೆರಗಿಗೆ ಮನೆಯ ಮುತ್ತೈದೆ ಅಕ್ಕಿ, ಕೊಬ್ಬರಿ ಹಾಕಿ ಉಡಿ ತುಂಬಿ ಕಳಿಸಬೇಕು. ಹಾಗೆ ತುಂಬುವವರು ಯಾರೂ ಅಲ್ಲಿರಲಿಲ್ಲ. ದೊಡ್ಡವ್ವ ಕೂಡ ದೂರ ಸರಿದು, ಕಂಬದ ಆಚೆ ಮುಖ ಮಾಡಿ ನಿಂತಿದ್ದಳು. ಅಪ್ಪ ಅತ್ತ ಇತ್ತ ನೋಡಿದ. ಅತ್ತೆ ತಡೆದಳು, ಆಮೇಲೆ ಪರವಾಗಿಲ್ಲ ಅನ್ನುವ ಹಾಗೆ ಹೊಸ್ತಿಲು ದಾಟಲು ಕಾಲೆತ್ತಿದಳು.

"ನಿಂದರು" ಎಂದು ಒಳಗಿನಿಂದ ಅವ್ವನ ಧ್ವನಿ ಬಂತು.

ಅವ್ವ ಬುಟ್ಟಿ ಹಿಡಿದುಕೊಂಡು ಬಂದಳು. ಮುಖ ಬಿಳಿಚಿತ್ತು. ಬಳೆಗಳು ಬುಟ್ಟಿಗೆ ತಾಗಿ ಸದ್ದು ಮಾಡುತ್ತಿದ್ದವು. ಅಪ್ಪನನ್ನು ಒಂದು ಸಲ ನೋಡಿದಳು, ದೇವರ ಮನೆಯ ಕಡೆ ಒಂದು ಸಲ ನೋಡಿದಳು, ಕಡೆಗೆ ಅತ್ತೆಯ ಮುಖ ನೋಡಿದಳು. ಕಣ್ಣು ಮುಚ್ಚಲಿಲ್ಲ. "ಸೆರಗ ಒಡ್ಡು" ಅಂದಳು. ಕೊಬ್ಬರಿ ಬಟ್ಟಲು ಇಟ್ಟಳು. ಬೆರಳ ಸಂದಿಯಿಂದ ಸೋರುವ ಒಂದು ಹಿಡಿ ಅಕ್ಕಿ ಹಾಕಿ ಕೈ ಹಿಂದಕ್ಕೆ ಎಳೆದುಕೊಂಡಳು.

ಅತ್ತೆ ಅಲ್ಲಿಂದ ಕದಲಲಿಲ್ಲ. ಎರಡೂ ಕೈಯಿಂದ ಸೆರಗನ್ನು ಇನ್ನಷ್ಟು ಅಗಲ ಮಾಡಿ ಹಿಡಿದಳು.

"ಸಣ್ಣ ಕೈ ಮಾಡಬ್ಯಾಡ್ರಿ ವೈನಿ" ಅಂದಳು. "ಇನ್ನೊಂದು ಬೊಗಸಿ ಹಾಕ್ರಿ."

ಅವ್ವ ಬುಟ್ಟಿಯನ್ನೇ ಎತ್ತಿ ಸುರಿದಳು.